ಮರುಭೂಮಿಯ ಹೂವೂ ಛಾಯಾಚಿತ್ರದ ಸಾಕ್ಷ್ಯವೂ

೧

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಒಂದು ನಿಯಮವು ಚೆನ್ನಾಗಿ ತಿಳಿದಿದೆ. ಒಂದೇ ಓಲೆಪ್ರತಿಯನ್ನು ನೋಡಿ ಪಾಠವನ್ನು ನಿರ್ಣಯಿಸುವುದು ಅಪಾಯಕರವಾದುದು. ಪ್ರತಿಯು ಎಷ್ಟೇ ಅಂದವಾಗಿರಲಿ, ಅಕ್ಷರಗಳು ಎಷ್ಟೇ ಸ್ಫುಟವಾಗಿರಲಿ, ಅದು ಒಬ್ಬ ಲಿಪಿಕಾರನು ಒಂದು ಕಾಲದಲ್ಲಿ ಬರೆದುದು ಮಾತ್ರ. ಸಸ್ಯಶಾಸ್ತ್ರದಲ್ಲಿಯೂ ಇದಕ್ಕೆ ಸಮಾನವಾದ ಪ್ರಶ್ನೆಯೊಂದುಂಟು. ಹೂವಿನ ಒಂದು ಛಾಯಾಚಿತ್ರವು ಆ ಗಿಡದ ಗುರುತಿಗೆ ಎಷ್ಟರ ಮಟ್ಟಿಗೆ ಪ್ರಮಾಣ? ವರ್ಷವರ್ಷವೂ ತಪ್ಪದೆ ಮಳೆ ಬಂದು, ಗಿಡವು ಕಣ್ಣೆದುರಿಗೇ ಬೆಳೆಯುವ ನಾಡಿನಲ್ಲಿ ಈ ಪ್ರಶ್ನೆಯು ಅಷ್ಟಾಗಿ ಬಾಧಿಸುವುದಿಲ್ಲ. ಇಂದು ಕಾಣದ ಕಾಯನ್ನು ಮುಂದಿನ ತಿಂಗಳು ಕಾಣಬಹುದು. ಮರುಭೂಮಿಯಲ್ಲಿ ಹಾಗಲ್ಲ. ಅಲ್ಲಿ ಒಂದು ಹೂವು ಆರು ವಾರ ಕಾಣಿಸಿಕೊಂಡು, ಆಮೇಲೆ ಹಲವು ವರ್ಷಗಳ ಕಾಲ ನೆಲದ ಮೇಲೆ ತನ್ನ ಸುಳಿವನ್ನೇ ಉಳಿಸದಿರಬಹುದು.

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ಮೊಹಾವೀ ಮತ್ತು ಸೊನೋರಾ ಮರುಭೂಮಿಗಳ ಪುಷ್ಪಗಳನ್ನು ಗುರುತಿಸಿದ ಚರಿತ್ರೆಯು ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆಯನ್ನು ಒದಗಿಸುತ್ತದೆ. ಸುಮಾರು ನೂರ ಎಂಬತ್ತು ವರ್ಷಗಳ ಈ ಚರಿತ್ರೆಯಲ್ಲಿ ಒಣಗಿಸಿದ ಮಾದರಿ, ರೇಖಾಚಿತ್ರ, ಛಾಯಾಚಿತ್ರ ಇವು ಮೂರೂ ಒಂದರ ತರುವಾಯ ಒಂದು ಬಂದುವು. ಇವುಗಳಲ್ಲಿ ಯಾವುದೂ ಮತ್ತೊಂದನ್ನು ಪೂರ್ತಿಯಾಗಿ ಹೊರದೂಡಲಿಲ್ಲ. ಛಾಯಾಚಿತ್ರವು ಈ ಶಾಸ್ತ್ರಕ್ಕೆ ಮಾಡಿದ ದೊಡ್ಡ ಉಪಕಾರವು ಹೂವಿನ ಚೆಲುವನ್ನು ಹಿಡಿದಿಟ್ಟುದರಲ್ಲಿ ಇಲ್ಲ, ಒಂದೇ ಸ್ಥಳವನ್ನು ಬೇರೆ ಬೇರೆ ಕಾಲಗಳಲ್ಲಿ ತೋರಿಸಿಕೊಟ್ಟುದರಲ್ಲಿ ಇದೆ ಎಂಬುದು ಈ ಚರಿತ್ರೆಯಿಂದ ತೋರಿಬರುತ್ತದೆ.

ಮೊದಲು ಆ ನಾಡಿನ ಋತುಗಳ ವಿಚಾರ. ಮೊಹಾವೀ ಮರುಭೂಮಿಗೆ ಬಹುಮಟ್ಟಿಗೆ ಚಳಿಗಾಲದ ಮಳೆಯೇ ಆಧಾರ. ಸೊನೋರಾ ಮರುಭೂಮಿಯ ಅರಿಜೋನಾ ಭಾಗಕ್ಕೆ ಚಳಿಗಾಲದಲ್ಲಿ ಒಂದು ಮಳೆ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಗುಡುಗುಸಿಡಿಲಿನೊಡನೆ ಮತ್ತೊಂದು ಮಳೆ. ಆದುದರಿಂದ ಅಲ್ಲಿ ಏಕವಾರ್ಷಿಕ ಸಸ್ಯಗಳ ಎರಡು ತಂಡಗಳುಂಟು. ಚಳಿಗಾಲದಲ್ಲಿ ಮೊಳೆತು ಫೆಬ್ರವರಿಯಿಂದ ಏಪ್ರಿಲಿನವರೆಗೆ ಹೂಬಿಡುವುವು ಒಂದು ತಂಡ. ಬೇಸಗೆಯ ಮಳೆಗೆ ಎದ್ದು ಶರತ್ಕಾಲದೊಳಗೆ ಮುಗಿದುಹೋಗುವುವು ಮತ್ತೊಂದು. ಒಂದೇ ಮಣ್ಣಿನಲ್ಲಿ ಇವೆರಡರ ಬೀಜಗಳೂ ಬೆರೆತು ಮಲಗಿರುವುವು. ಫೆಬ್ರವರಿಯಲ್ಲಿ ಬಂದವನು ಕಂಡ ಮರುಭೂಮಿಯೇ ಬೇರೆ, ಸೆಪ್ಟೆಂಬರಿನಲ್ಲಿ ಬಂದವನು ಕಂಡುದೇ ಬೇರೆ.

ಈ ಋತುಭೇದವನ್ನು ಮೊದಲು ಅರಿತವರು ವಿದ್ವಾಂಸರಲ್ಲ, ಅಲ್ಲಿಯ ಮೂಲನಿವಾಸಿಗಳು. ಸೊನೋರಾ ಮರುಭೂಮಿಯ ತೊಹೊನೊ ಓಧಮ್ ಜನರು ಸಗ್ವಾರೋ ಎಂಬ ಕಂಬದಂಥ ದೊಡ್ಡ ಕಳ್ಳಿಯ ಹಣ್ಣನ್ನು ಬೇಸಗೆಯ ನಡುವೆ ಕೊಯ್ದು, ಅದರ ರಸದಿಂದ ಪಾನೀಯವನ್ನು ಮಾಡಿ, ಮಳೆಯನ್ನು ಕರೆಯುವ ಆಚರಣೆಯನ್ನು ನಡೆಸುವರು. ಅವರ ವರ್ಷಾರಂಭವು ಈ ಕಾಲಕ್ಕೆ ಹೊಂದಿದೆ. ಅವರಿಗೆ ಗಿಡದ ಪರಿಚಯವು ತಿಂಗಳ ಪರಿಚಯದಿಂದ ಬೇರೆಯಾದುದಲ್ಲ. ಹೊರಗಿನಿಂದ ಬಂದ ಸಸ್ಯಶಾಸ್ತ್ರವು ಈ ಸಂಬಂಧವನ್ನು ತನ್ನದೇ ಮಾರ್ಗದಿಂದ, ಬಹಳ ತಡವಾಗಿ, ಕಂಡುಕೊಳ್ಳಬೇಕಾಯಿತು.

೨

೧೮೪೨ರಲ್ಲಿ ಜಾನ್ ಚಾರ್ಲ್ಸ್ ಫ್ರೀಮಾಂಟ್ ಎಂಬ ಸೇನಾಧಿಕಾರಿಯು ಪಶ್ಚಿಮದ ಪರ್ವತಗಳಿಗೆ ಹೊರಟಾಗ ತನ್ನ ಸಾಮಾನಿನಲ್ಲಿ ಡಗೇರ್ ಪದ್ಧತಿಯ ಛಾಯಾಚಿತ್ರ ಯಂತ್ರವೊಂದನ್ನು ಕೊಂಡೊಯ್ದನು. ಆ ಪದ್ಧತಿಯು ಲೋಕಕ್ಕೆ ತಿಳಿದು ಆಗ ಮೂರೇ ವರ್ಷಗಳಾಗಿದ್ದುವು. ಫಲಕಗಳ ಮೇಲೆ ಚಿತ್ರವು ಮೂಡಲಿಲ್ಲ. ಜತೆಯಲ್ಲಿದ್ದ ಭೂಪಟಕಾರನಾದ ಚಾರ್ಲ್ಸ್ ಪ್ರಾಯ್ಸನು ಈ ವಿಫಲ ಪ್ರಯತ್ನವನ್ನು ತನ್ನ ದಿನಚರಿಯಲ್ಲಿ ಅಪಹಾಸ್ಯಮಾಡಿ ಬರೆದಿಟ್ಟಿದ್ದಾನೆ. ಅಮೆರಿಕದ ಪಶ್ಚಿಮಭಾಗದ ಅನ್ವೇಷಣೆಗೆ ಛಾಯಾಚಿತ್ರವು ಕಾಲಿಟ್ಟುದು ಹೀಗೆ ಸೋಲಿನೊಡನೆ.

ಅದೇ ಫ್ರೀಮಾಂಟನು ತನ್ನ ಎರಡನೆಯ ಪ್ರಯಾಣದಲ್ಲಿ, ೧೮೪೪ರ ಏಪ್ರಿಲಿನಲ್ಲಿ, ಮೊಹಾವೀ ನದಿಯ ದಾರಿಯಾಗಿ ಮರುಭೂಮಿಯನ್ನು ಹಾದುಹೋದನು. ಅದು ವಸಂತಕಾಲ, ಹೂವಿಗೆ ತಕ್ಕ ಸಮಯ. ಅವನು ಗಿಡಗಳನ್ನು ಕಿತ್ತು ಕಾಗದಗಳ ನಡುವೆ ಒತ್ತಿ ಒಣಗಿಸಿ ಸಂಗ್ರಹಿಸಿದನು. ಆದರೆ ಆ ಪ್ರಯಾಣದ ಸಂಗ್ರಹದ ಒಂದು ಭಾಗವು, ಅದನ್ನು ಹೊತ್ತಿದ್ದ ಹೇಸರಗತ್ತೆಯೊಡನೆ ಪರ್ವತದ ಕಮರಿಗೆ ಬಿದ್ದು ಹಾಳಾಯಿತು. ಉಳಿದುದರಲ್ಲಿ ಅರ್ಧಕ್ಕೂ ಹೆಚ್ಚು ಹಿಂದಿರುಗುವಾಗ ಕಾನ್ಸಸ್ ನದಿಯ ಪ್ರವಾಹದಲ್ಲಿ ನೆನೆದು ಕೆಟ್ಟಿತು. ನ್ಯೂಯಾರ್ಕಿನ ಸಸ್ಯಶಾಸ್ತ್ರಜ್ಞನಾದ ಜಾನ್ ಟಾರಿಯು ಅಳಿದುಳಿದವುಗಳನ್ನು ಪರೀಕ್ಷಿಸಿ ಹೊಸ ಸಸ್ಯಗಳನ್ನು ಹೆಸರಿಸಿದನು. ಅವನ ವರ್ಣನೆಗಳು ೧೮೪೫ರ ಪ್ರಯಾಣವರದಿಯ ಅನುಬಂಧದಲ್ಲಿ ಅಚ್ಚಾದುವು.

ಒಣಮಾದರಿಯ ಗುಣವೂ ದೋಷವೂ ಈ ಪ್ರಸಂಗದಲ್ಲಿ ಒಟ್ಟಿಗೆ ಕಾಣುತ್ತವೆ. ಮಾದರಿಯು ವಸ್ತುವೇ ಹೊರತು ವಸ್ತುವಿನ ಪ್ರತಿಬಿಂಬವಲ್ಲ. ಅದರ ಹೂವನ್ನು ನೆನೆಯಿಸಿ ಬಿಡಿಸಿ ಕೇಸರಗಳನ್ನು ಎಣಿಸಬಹುದು. ಟಾರಿಯು ನೋಡಿದುದನ್ನೇ ನೂರು ವರ್ಷಗಳ ಮೇಲೆ ಮತ್ತೊಬ್ಬನು ನೋಡಿ ಅವನ ತಪ್ಪನ್ನು ತಿದ್ದಬಹುದು. ಆದರೆ ಅದರ ಬಣ್ಣವು ಮಾಸುತ್ತದೆ, ಕಳ್ಳಿಯಂಥ ರಸಭರಿತ ಸಸ್ಯಗಳು ಆಕಾರಗೆಡುತ್ತವೆ. ಗಿಡವು ಯಾವ ಇಳಿಜಾರಿನಲ್ಲಿ, ಯಾವುದರ ನೆರಳಿನಲ್ಲಿ, ಎಷ್ಟು ಸಂಖ್ಯೆಯಲ್ಲಿ ಇತ್ತೆಂಬುದು ಚೀಟಿಯ ಮೇಲೆ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಪ್ರಯಾಣಿಕನು ಹಾದುಹೋದ ಒಂದು ದಿನದ ಸಾಕ್ಷಿ.

೩

ಒಂದು ದಿನದ ಸಾಕ್ಷಿಯು ಎಷ್ಟು ಅಲ್ಪವಾದುದೆಂಬುದನ್ನು ಡೆತ್ ವ್ಯಾಲಿ ಎಂಬ ಕಣಿವೆಯ ಒಂದು ಸಣ್ಣ ಸಸ್ಯವು ತೋರಿಸಿಕೊಟ್ಟಿತು. ಈ ಕಣಿವೆಯ ತಳವು ಸಮುದ್ರಮಟ್ಟಕ್ಕಿಂತ ೨೮೨ ಅಡಿ ಕೆಳಗಿದೆ. ವರ್ಷದ ಸರಾಸರಿ ಮಳೆ ಸುಮಾರು ೨ ಅಂಗುಲ. ೧೮೯೧ರಲ್ಲಿ ಅಲ್ಲಿನ ಜೀವಿಗಳನ್ನು ಪರಿಶೀಲಿಸಲು ಸರ್ಕಾರದ ವ್ಯವಸಾಯ ಇಲಾಖೆಯ ತಂಡವೊಂದು ಹೋಯಿತು. ಅದರ ಸಸ್ಯಶಾಸ್ತ್ರಜ್ಞನು ಫ್ರೆಡರಿಕ್ ವರ್ನನ್ ಕೋವಿಲ್, ಅವನ ಸಹಾಯಕನು ಫ್ರೆಡರಿಕ್ ಫನ್‌ಸ್ಟನ್. ಅವರ ಕೆಲಸದ ಫಲವಾಗಿ ೧೮೯೩ರಲ್ಲಿ ಪ್ರಕಟವಾದ ಸಸ್ಯವರ್ಣನ ಗ್ರಂಥವು ಆ ಮರುಭೂಮಿಯ ಅಧ್ಯಯನಕ್ಕೆ ಅಡಿಗಲ್ಲಾಯಿತು.

ಅವರು ತಂದ ಮಾದರಿಗಳಲ್ಲಿ, ಕ್ಷಾರ ತುಂಬಿದ ಬೋಳು ಇಳಿಜಾರುಗಳಲ್ಲಿ ನೆಲಕ್ಕೆ ಅಂಟಿಕೊಂಡು ಹಳದಿ ಚಾಪೆಯಂತೆ ಹರಡುವ ಏಕವಾರ್ಷಿಕ ಸಸ್ಯವೊಂದಿತ್ತು. ಕೋವಿಲನು ಅದನ್ನು ಹೊಸ ಜಾತಿಯೆಂದು ತಿಳಿದು ಫಿಲೋಗೋನಂ ಎಂದು ಹೆಸರಿಟ್ಟನು. ಡೆತ್ ವ್ಯಾಲಿಯ ಸುತ್ತಮುತ್ತಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಅದು ಬೆಳೆಯುವುದಿಲ್ಲ; ಅಲ್ಲಿಯೂ ಒಳ್ಳೆಯ ಮಳೆ ಬಿದ್ದ ವರ್ಷಗಳಲ್ಲಿ ಮಾತ್ರ ಕಾಣಸಿಕ್ಕುತ್ತದೆ. ಅದರ ಮೊದಲ ಹೆಸರು ಬಹಳ ಹಿಂದೆಯೇ ಒಂದು ಹಾವಸೆಗೆ ಸಂದಿದ್ದ ಹೆಸರಿನೊಡನೆ ಗೊಂದಲಕ್ಕೆ ಎಡೆಗೊಡುವಂತಿದ್ದುದರಿಂದ ನಿಲ್ಲಲಿಲ್ಲ. ೧೯೩೬ರಲ್ಲಿ ಕೋವಿಲನೇ ಅದಕ್ಕೆ ಗಿಲ್ಮಾನಿಯ ಎಂಬ ಹೆಸರನ್ನು ಕೊಟ್ಟನು. ಇದು ಎಂ. ಫ್ರೆಂಚ್ ಗಿಲ್ಮನ್ ಎಂಬವನ ನೆನಪಿಗಾಗಿ ಇಟ್ಟ ಹೆಸರು. ಗಿಲ್ಮನ್ನನು ೧೯೩೦ರ ದಶಕದಲ್ಲಿ ಆ ಕಣಿವೆಯಲ್ಲಿಯೇ ಇದ್ದು ಅಲ್ಲಿನ ಗಿಡಗಳನ್ನು ನೋಡಿಕೊಂಡಿದ್ದ ಪ್ರಕೃತಿವಿಜ್ಞಾನಿ.

ಈ ಹೆಸರಿನ ಬದಲಾವಣೆಯಲ್ಲಿ ಒಂದು ಸ್ವಾರಸ್ಯವಿದೆ. ಹಾದುಹೋದವನು ಇಟ್ಟ ಹೆಸರು ಅಳಿದು, ಅಲ್ಲೇ ಉಳಿದವನ ಹೆಸರು ಗಿಡಕ್ಕೆ ನಿಂತಿತು. ಇದು ನಾಮಕರಣ ನಿಯಮಗಳ ದೆಸೆಯಿಂದಾದುದೇ ಹೊರತು ಯಾರೂ ಉದ್ದೇಶಿಸಿದ ತೀರ್ಪಲ್ಲ. ಆದರೂ ಆ ಶಾಸ್ತ್ರವು ಮುಂದೆ ಹಿಡಿದ ದಿಕ್ಕಿಗೆ ಅದು ಸರಿಹೊಂದಿತು.

೪

ಉಳಿದು ನೋಡುವ ಕೆಲಸಕ್ಕೆ ಒಂದು ಮನೆ ದೊರೆತುದು ೧೯೦೩ರಲ್ಲಿ. ಕೋವಿಲನೂ ಡೇನಿಯಲ್ ಮೆಕ್ಡೂಗಲನೂ ಮರುಭೂಮಿಗಳನ್ನು ಸುತ್ತಿ ನೋಡಿ, ಅರಿಜೋನಾದ ಟೂಸಾನ್ ಪಟ್ಟಣದ ಬಳಿಯ ಟೂಮಾಮಾಕ್ ಬೆಟ್ಟವನ್ನು ಆರಿಸಿದರು. ಅಲ್ಲಿ ಕಾರ್ನೆಗೀ ಸಂಸ್ಥೆಯು ಮರುಭೂಮಿಯ ಪ್ರಯೋಗಶಾಲೆಯನ್ನು ಸ್ಥಾಪಿಸಿತು. ೧೯೦೬ರಲ್ಲಿ ವಾಲ್ನಿ ಸ್ಪಾಲ್ಡಿಂಗ್ ಎಂಬ ವಿದ್ವಾಂಸನು ಬೆಟ್ಟದ ಮೇಲೆ ಕೆಲವು ಚೌಕಗಳನ್ನು ಗುರುತುಮಾಡಿ, ಅವುಗಳೊಳಗಿನ ಗಿಡಗಳನ್ನು ನಕ್ಷೆಯಲ್ಲಿ ಗುರುತಿಸಿದನು. ಅವುಗಳಲ್ಲಿ ಉಳಿದುಬಂದ ಚೌಕಗಳನ್ನು ಅನಂತರದವರು ಮತ್ತೆ ಮತ್ತೆ ಅಳೆದಿದ್ದಾರೆ. ೧೯೦೮ರಲ್ಲಿ ಬಂದ ಫಾರೆಸ್ಟ್ ಶ್ರೀವನು ಸಸಿಗಳನ್ನು ಒಂದೊಂದಾಗಿ ಎಣಿಸಿ, ಅವುಗಳಲ್ಲಿ ಎಷ್ಟು ಬದುಕಿದುವು, ಎಷ್ಟು ಸತ್ತುವು ಎಂಬುದನ್ನು ವರ್ಷವರ್ಷವೂ ಬರೆದಿಟ್ಟನು. ಸೊನೋರಾ ಮರುಭೂಮಿಯ ಸಸ್ಯವರ್ಗವನ್ನು ಕುರಿತ ಅವನ ಮಹಾಗ್ರಂಥವು, ಅವನು ತೀರಿಕೊಂಡ ಮರುವರ್ಷ, ೧೯೫೧ರಲ್ಲಿ ಬೆಳಕು ಕಂಡಿತು.

ಕಾಣದ ಹೂವು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಮುಖ್ಯನಾದವನು ಹಾಲೆಂಡ್ ದೇಶದಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಫ್ರಿಟ್ಸ್ ವೆಂಟ್. ಜಾಶುವಾ ಟ್ರೀ ಪ್ರದೇಶದಲ್ಲಿ ನಡೆಸಿದ ಅವನ ಪರಿಶೀಲನೆಗಳು ೧೯೪೮ ಮತ್ತು ೧೯೪೯ರಲ್ಲಿ ಪ್ರಕಟವಾದುವು. ಮರುಭೂಮಿಯ ಮಣ್ಣನ್ನು ತಟ್ಟೆಗಳಲ್ಲಿ ತಂದು, ಕೃತಕವಾದ ಮಳೆಯನ್ನು ಸುರಿಸಿ, ಶಾಖವನ್ನು ಬೇಕಾದಂತೆ ಏರಿಳಿಸಿ ಅವನು ನೋಡಿದನು. ತಂಪಿನಲ್ಲಿ ಮಳೆ ಕೊಟ್ಟರೆ ಚಳಿಗಾಲದ ಗಿಡಗಳು ಎದ್ದುವು. ಸೆಕೆಯಲ್ಲಿ ಕೊಟ್ಟರೆ ಬೇಸಗೆಯ ಗಿಡಗಳು. ಅಲ್ಪ ಮಳೆಗೆ ಬೀಜಗಳು ಮೊಳೆಯಲಿಲ್ಲ. ಅಷ್ಟೇ ಅಲ್ಲ, ಮಣ್ಣನ್ನು ಕೆಳಗಿನಿಂದ ನೆನೆಯಿಸಿದರೂ ಹಲವು ಬೀಜಗಳು ಒಪ್ಪಲಿಲ್ಲ. ಮೇಲಿನಿಂದ ನೀರು ಬಿದ್ದು, ಮೊಳಕೆಯನ್ನು ತಡೆಯುವ ಅಂಶಗಳನ್ನು ಬೀಜದಿಂದ ತೊಳೆದುಹಾಕಬೇಕು ಎಂದು ಅವನು ನಿರ್ಣಯಿಸಿದನು.

ಮುಂದೆ ೧೯೬೬ರಲ್ಲಿ ಡಾನ್ ಕೋಹೆನ್ ಎಂಬವನು, ಮಳೆಯು ನಿಶ್ಚಿತವಲ್ಲದ ನಾಡಿನಲ್ಲಿ ಎಲ್ಲ ಬೀಜಗಳೂ ಒಂದೇ ವರ್ಷ ಮೊಳೆಯದಿರುವುದೇ ಗಿಡಕ್ಕೆ ಕ್ಷೇಮವೆಂದು ಗಣಿತದಿಂದ ತೋರಿಸಿದನು. ಟೂಮಾಮಾಕ್ ಬೆಟ್ಟದಲ್ಲಿ ೧೯೮೨ರಿಂದ ಲಾರೆನ್ಸ್ ವೆನಬಲ್ ನಡೆಸಿಕೊಂಡು ಬಂದ ಗಣನೆಯು ಈ ವಾದವನ್ನು ಹೊಲದಲ್ಲಿ ಪರೀಕ್ಷೆಗೆ ಒಡ್ಡಿತು. ಬೇಸಾಯಗಾರನು ಕಣಜದ ಕಾಳನ್ನೆಲ್ಲ ಒಂದೇ ಮಳೆಯನ್ನು ನಂಬಿ ಬಿತ್ತುವುದಿಲ್ಲವಷ್ಟೆ. ಗಿಡಗಳ ನಡತೆಯೂ ಹಾಗೆಯೇ ಎಂದು ಕಂಡುಬಂದಿತು. ಇದರಿಂದ ಗುರುತಿನ ಶಾಸ್ತ್ರಕ್ಕೆ ಒಂದು ಮುಖ್ಯವಾದ ಪಾಠ ದೊರೆಯಿತು. ಒಂದು ವಸಂತದಲ್ಲಿ ಕಂಡ ಹೂಗಳ ಪಟ್ಟಿಯು ಆ ನೆಲದ ಹೂಗಳ ಪಟ್ಟಿಯಲ್ಲ. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವೂ ಅಲ್ಲ.

೫

ಇಷ್ಟರಲ್ಲಿ ಛಾಯಾಚಿತ್ರ ಯಂತ್ರವು ಹಗುರವಾಗಿ ಜನಸಾಮಾನ್ಯರ ಕೈಗೆ ಬಂದಿತ್ತು. ರಿವರ್‌ಸೈಡ್ ಪಟ್ಟಣದ ಗ್ರಂಥಾಲಯದಲ್ಲಿದ್ದ ಮೇರಿ ಬೀಲ್ ಎಂಬ ಮಹಿಳೆಯು ೧೯೧೦ರಲ್ಲಿ ಆರೋಗ್ಯಕ್ಕಾಗಿ ಮೊಹಾವೀ ಮರುಭೂಮಿಯ ಡ್ಯಾಗೆಟ್ ಎಂಬ ಊರಿಗೆ ಬಂದು, ಅಲ್ಲಿಯೇ ನೆಲೆಸಿದಳು. ಆಕೆ ದಶಕಗಳ ಕಾಲ ಹೂಗಳ ಚಿತ್ರಗಳನ್ನು ತೆಗೆದು, ಒಣಮಾದರಿಗಳನ್ನೂ ಸಂಗ್ರಹಿಸಿ, ೧೯೩೭ರಲ್ಲಿ ಆರಂಭವಾದ ಡೆಸರ್ಟ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಹೂಗಳನ್ನು ಕುರಿತು ಬರೆಯುತ್ತ ಬಂದಳು. ಆ ಪುಟಗಳಲ್ಲಿ ಚಿತ್ರಗಳು ಕಪ್ಪುಬಿಳುಪಾಗಿ ಅಚ್ಚಾಗುತ್ತಿದ್ದುವು. ಬಣ್ಣವನ್ನೂ ಎಲೆಯ ರೋಮವನ್ನೂ ಮಾತಿನಿಂದಲೇ ತಿಳಿಸಬೇಕಾಗಿತ್ತು. ಚಿತ್ರದ ಕೊರತೆಯೇ ವರ್ಣನೆಯನ್ನು ಬೆಳೆಯಿಸಿತು. ಎಡ್ಮಂಡ್ ಜೇಗರನು ೧೯೪೦ರಲ್ಲಿ ಹೊರತಂದ ಮರುಭೂಮಿಯ ಹೂಗಳ ಕೈಪಿಡಿಯಲ್ಲಿ ರೇಖಾಚಿತ್ರಗಳೇ ಪ್ರಧಾನವಾದುವು. ಯಂತ್ರವು ತನ್ನ ಮುಂದಿದ್ದುದನ್ನೆಲ್ಲ ಸಮನಾಗಿ ತೋರಿಸುತ್ತದೆ. ಲೇಖನಿಯಾದರೋ ಹೂವು, ಕಾಯಿ, ಬೀಜ, ಬುಡದ ಎಲೆ ಇವುಗಳಲ್ಲಿ ಗುರುತಿಗೆ ಬೇಕಾದುದನ್ನು ಒಂದೇ ಪುಟದಲ್ಲಿ ಕೂಡಿಸಿ ತೋರಿಸಬಲ್ಲುದು.

೧೯೩೫ರಲ್ಲಿ ಕೊಡಕ್ರೋಮ್ ಫಿಲ್ಮು ಬಂದ ಮೇಲೆ ಬಣ್ಣದ ಚಿತ್ರವು ಸುಲಭವಾಯಿತು. ಆದರೆ ಬಣ್ಣವು ಗುರುತಿಗೆ ಸಹಾಯಮಾಡುವಷ್ಟೇ ಮೋಸವನ್ನೂ ಮಾಡುವುದು. ಇದಕ್ಕೆ ಎರಡು ಉದಾಹರಣೆಗಳು ಸಾಕು.

ಭೂತಪುಷ್ಪವೆಂದು ಹೆಸರಾದ ಮೊಹಾವಿಯ ಕನ್ಫರ್ಟಿಫ್ಲೋರ ಎಂಬ ಗಿಡವೂ, ಮೆಂಟ್ಸೀಲಿಯ ಇನ್ವಾಲ್ಯೂಕ್ರೇಟ ಎಂಬ ಗಿಡವೂ ಒಂದೇ ಋತುವಿನಲ್ಲಿ, ಹಲವೆಡೆ ಒಂದೇ ಮರಳಿನಲ್ಲಿ, ಒಂದೇ ಬಗೆಯ ತೆಳುಹಳದಿ ಹೂಗಳನ್ನು ಬಿಡುವುವು. ದೂರದಿಂದ ತೆಗೆದ ಚಿತ್ರದಲ್ಲಿ ಇವನ್ನು ಬೇರ್ಪಡಿಸುವುದು ಕಷ್ಟ. ಆದರೆ ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದುವು. ಮೆಂಟ್ಸೀಲಿಯದಲ್ಲಿ ದಳಗಳು ಬಿಡಿಬಿಡಿಯಾಗಿದ್ದು ಕೇಸರಗಳು ಅನೇಕ. ಭೂತಪುಷ್ಪದಲ್ಲಿ ದಳಗಳು ಬುಡದಲ್ಲಿ ಕೂಡಿಕೊಂಡಿದ್ದು, ಪರಾಗವುಳ್ಳ ಕೇಸರಗಳು ಎರಡೇ. ಮೊದಲನೆಯದರಲ್ಲಿ ಮಕರಂದವುಂಟು, ಎರಡನೆಯದರಲ್ಲಿ ಇಲ್ಲ. ನೆರೆಯ ಹೂವಿನ ವೇಷವನ್ನು ತೊಟ್ಟು ಅದರ ದುಂಬಿಗಳನ್ನು ಸೆಳೆಯುವುದೇ ಭೂತಪುಷ್ಪದ ಜೀವನೋಪಾಯವೆಂದು ಇದನ್ನು ಪರಿಶೀಲಿಸಿದವರು ವಿವರಿಸಿದ್ದಾರೆ. ದುಂಬಿಯನ್ನು ವಂಚಿಸುವ ಸಾದೃಶ್ಯವೇ ಛಾಯಾಗ್ರಾಹಕನನ್ನೂ ವಂಚಿಸುವುದು. ಹೂವಿನ ಒಳಗನ್ನು ನೋಡುವವರೆಗೆ ನಿರ್ಣಯವಿಲ್ಲ.

ಎರಡನೆಯದು ಋತುವಿನಿಂದ ಬರುವ ಭ್ರಾಂತಿ. ಎನ್ಸೀಲಿಯ ಫ್ಯಾರಿನೋಸ ಎಂಬ ಹಳದಿ ಹೂವಿನ ಪೊದೆಯ ಹೆಸರಿನ ಉತ್ತರಪದವು ಹಿಟ್ಟು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಎಲೆಗಳು ಹಿಟ್ಟು ಚೆಲ್ಲಿದಂತೆ ಬೆಳ್ಳಗಿರುವುದೇ ಇದಕ್ಕೆ ಕಾರಣ. ಆದರೆ ಮಳೆಯ ಕಾಲದಲ್ಲಿ ಮೂಡಿದ ಎಲೆಗಳು ದೊಡ್ಡವಾಗಿ ಹಸುರಾಗಿರುವುವು. ಬರದಲ್ಲಿ ಮೂಡಿದುವು ಚಿಕ್ಕವಾಗಿ ದಟ್ಟವಾದ ಬಿಳಿ ರೋಮದಿಂದ ಕೂಡಿರುವುವು. ಬರವು ಮಿತಿಮೀರಿದರೆ ಎಲೆಗಳೇ ಉದುರುವುವು. ಒಂದೇ ಪೊದೆಯ ಮೂರು ಚಿತ್ರಗಳನ್ನು ಮೂರು ಗಿಡಗಳೆಂದು ಭ್ರಮಿಸುವುದಕ್ಕೆ ಅವಕಾಶವಿದೆ. ಹಾಗೆಯೇ ಮರುಸ್ವರ್ಣವೆನ್ನಬಹುದಾದ ಜಿರೇಯ ಕ್ಯಾನೆಸೆನ್ಸ್ ಎಂಬ ಏಕವಾರ್ಷಿಕವು ಒಳ್ಳೆಯ ವರ್ಷದಲ್ಲಿ ಮೊಳಕಾಲನ್ನು ಮೀರಿ ಬೆಳೆದು ಹಲವು ಹೂಗಳನ್ನು ಹೊರುವುದು. ಕೆಟ್ಟ ವರ್ಷದಲ್ಲಿ ಕೆಲವೇ ಅಂಗುಲಗಳ ಗಿಡದ ಮೇಲೆ ಒಂದೇ ಹೂವು. ಅಳತೆಗೆ ಪಕ್ಕದಲ್ಲಿ ಏನನ್ನೂ ಇಡದೆ ತೆಗೆದ ಚಿತ್ರವು ಈ ಎರಡನ್ನೂ ಒಂದೇ ಗಾತ್ರದಲ್ಲಿ ತೋರಿಸುವುದು.

೬

ಹೀಗೆ ಬಿಡಿಚಿತ್ರದ ಸಾಕ್ಷ್ಯವು ದುರ್ಬಲವಾಗಿರುವಲ್ಲಿ ಸಾಲುಚಿತ್ರಗಳ ಸಾಕ್ಷ್ಯವು ಬಲವಾಗುತ್ತದೆ. ಹಳೆಯ ಚಿತ್ರವನ್ನು ತೆಗೆದ ಜಾಗದಲ್ಲಿಯೇ ನಿಂತು ಮತ್ತೆ ಚಿತ್ರವನ್ನು ತೆಗೆದು ಹೋಲಿಸುವ ಕ್ರಮವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಪ್ಸ್ ಪರ್ವತದ ಹಿಮನದಿಗಳನ್ನು ಅಳೆಯುವುದಕ್ಕಾಗಿ ಬಳಕೆಗೆ ಬಂದಿತು. ಮರುಭೂಮಿಯಲ್ಲಿ ಅದನ್ನು ವ್ಯಾಪಕವಾಗಿ ಪ್ರಯೋಗಿಸಿದವರು ಜೇಮ್ಸ್ ರಾಡ್ನಿ ಹೇಸ್ಟಿಂಗ್ಸ್ ಮತ್ತು ರೇಮಂಡ್ ಟರ್ನರ್. ಹಿಂದಿನ ಛಾಯಾಗ್ರಾಹಕರು ಯಾವ ಯಾವುದೋ ಉದ್ದೇಶದಿಂದ ತೆಗೆದಿದ್ದ ಚಿತ್ರಗಳನ್ನು ಹುಡುಕಿ, ಅದೇ ಬಂಡೆ, ಅದೇ ಬೆಟ್ಟದ ಅಂಚು ಹೊಂದುವಂತೆ ಯಂತ್ರವನ್ನಿಟ್ಟು, ಅವರು ಮತ್ತೆ ಚಿತ್ರಗಳನ್ನು ತೆಗೆದರು. ಅವರ ಗ್ರಂಥವು ೧೯೬೫ರಲ್ಲಿ ಪ್ರಕಟವಾಯಿತು. ೨೦೦೩ರಲ್ಲಿ ಮೂರನೆಯ ಕಾಲದ ಚಿತ್ರಗಳನ್ನೂ ಸೇರಿಸಿ ಅದು ವಿಸ್ತಾರಗೊಂಡಿತು. ಕೆಳಗಿನ ಹುಲ್ಲುಗಾವಲುಗಳಿಗೆ ಮೆಸ್ಕೀಟ್ ಎಂಬ ಮುಳ್ಳುಮರವು ನುಗ್ಗಿದುದೂ, ಓಕ್ ಮರಗಳು ತಮ್ಮ ಕೆಳಗಿನ ಎಲ್ಲೆಯಿಂದ ಹಿಂಜರಿದುದೂ ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡವು. ಹಳೆಯ ಛಾಯಾಗ್ರಾಹಕರಿಗೆ ತಾವು ಸಸ್ಯಚರಿತ್ರೆಗೆ ಆಧಾರವನ್ನು ಒದಗಿಸುತ್ತಿರುವೆವೆಂಬ ಅರಿವು ಇರಲಿಲ್ಲ. ದಾನಶಾಸನವನ್ನು ಕೊರೆದ ರೂವಾರಿಗೆ ತಾನು ಭಾಷೆಯ ಚರಿತ್ರೆಗೆ ಸಾಮಗ್ರಿಯನ್ನು ಕೂಡಿಡುತ್ತಿರುವೆನೆಂಬುದು ತಿಳಿದಿರಲಿಲ್ಲವಷ್ಟೆ.

೭

ಇತ್ತೀಚೆಗೆ ಛಾಯಾಚಿತ್ರಗಳ ಸಂಖ್ಯೆಯು ಮಿತಿಮೀರಿದೆ. ಡೆತ್ ವ್ಯಾಲಿಯಲ್ಲಿ ೧೯೯೮, ೨೦೦೫ ಮತ್ತು ೨೦೧೬ನೆಯ ಇಸವಿಗಳಲ್ಲಿ ಹೂವು ಅಸಾಧಾರಣವಾಗಿ ಅರಳಿತು; ಕೊನೆಯದಕ್ಕೆ ೨೦೧೫ರ ಅಕ್ಟೋಬರಿನ ಬಿರುಮಳೆಯು ಪೀಠಿಕೆಯಾಗಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾದ ಆನ್ಸಾ ಬೊರೇಗೋ ಮರುಭೂಮಿಯಲ್ಲಿ ೨೦೧೭ ಮತ್ತು ೨೦೧೯ರಲ್ಲಿ ಹೂಗಳನ್ನು ನೋಡಲು ಜನಸಾಗರವೇ ಸೇರಿತು. ೨೦೦೮ರಲ್ಲಿ ಹುಟ್ಟಿದ ಐನ್ಯಾಚುರಲಿಸ್ಟ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ, ದಿನಾಂಕವೂ ಸ್ಥಳವೂ ತಾವಾಗಿಯೇ ನಮೂದಾದ ಚಿತ್ರಗಳು ಬಂದು ಸೇರುತ್ತಿವೆ. ಚಿತ್ರವನ್ನು ನೋಡಿ ಹೆಸರನ್ನು ಸೂಚಿಸುವ ಯಂತ್ರವೂ ಉಂಟು. ಇದರಿಂದ ಯಾವ ಗಿಡವು ಯಾವ ವಾರ ಎಲ್ಲಿ ಅರಳಿತೆಂಬ ವಿವರವು ಹಿಂದೆಂದೂ ಇಲ್ಲದಷ್ಟು ಹೇರಳವಾಗಿ ದೊರೆಯುತ್ತಿದೆ. ಇದು ದೊಡ್ಡ ಲಾಭವೇ ಸರಿ.

ಆದರೆ ನಷ್ಟವೂ ಉಂಟು. ಮೊದಲನೆಯದಾಗಿ, ಚಿತ್ರಕ್ಕಾಗಿ ಹೂಗಳ ನಡುವೆ ಕಾಲಿಟ್ಟವರಿಂದ ಗಿಡವು ಬೀಜ ಕಟ್ಟುವುದಕ್ಕೆ ಮೊದಲೇ ಮುರಿಯುತ್ತದೆ. ಏಕವಾರ್ಷಿಕಕ್ಕೆ ಬೀಜವೊಂದೇ ಭವಿಷ್ಯವಾದುದರಿಂದ, ತುಳಿದ ದಾರಿಯಲ್ಲಿ ಮುಂದಿನ ಒಳ್ಳೆಯ ಮಳೆಗೆ ಏಳಬೇಕಾದ ಹೂಗಳೂ ಕಡಮೆಯಾಗುವುವು. ಎರಡನೆಯದಾಗಿ, ಜನರು ಹೂವಿರುವಾಗ ಮಾತ್ರ ಬರುವರು, ಅಂದವಾದುದನ್ನು ಮಾತ್ರ ತೆಗೆಯುವರು. ಸಾಸಿವೆಯ ಜಾತಿಗೆ ಸೇರಿದ ಬ್ರಾಸಿಕ ಟೂರ್ನಫೋರ್ಟಿಯೈ ಎಂಬ ಕಳೆಯು ಮೆಡಿಟರೇನಿಯನ್ ಪ್ರಾಂತಗಳಿಂದ ಬಂದು, ಇತರ ಗಿಡಗಳಿಗಿಂತ ಬೇಗನೆ ಮೊಳೆತು ಅವುಗಳ ಎಡೆಯನ್ನು ಆಕ್ರಮಿಸಿದೆ. ಅದರ ಹೂವು ಸಣ್ಣದು, ಬಣ್ಣವು ಮಂಕು. ಚಿತ್ರಗ್ರಾಹಕರ ಕಣ್ಣಿಗೆ ಅದು ಬೀಳುವುದು ಅಪರೂಪ. ಅದು ಹರಡಿದ ಚರಿತ್ರೆಯನ್ನು ತಿಳಿಯಬೇಕಾದರೆ ಚೆಲುವಿಲ್ಲದ ವರ್ಷಗಳ ಚಿತ್ರಗಳೂ ಬೇಕು.

ಮರುಭೂಮಿಯ ಹೂವನ್ನು ಗುರುತಿಸುವವನಿಗೆ ಈ ಚರಿತ್ರೆಯಿಂದ ಸಿದ್ಧವಾಗುವ ನಿಯಮಗಳು ಕೆಲವೇ. ಹೂವಿನ ಮುಖವನ್ನಲ್ಲದೆ ಅದರ ಬೆನ್ನು, ಒಳಗು, ಎಲೆ, ಕಾಯಿ ಇವುಗಳ ಚಿತ್ರಗಳೂ ಇರತಕ್ಕದ್ದು. ಅಳತೆಗೆ ಒಂದು ಗುರುತು ಇರತಕ್ಕದ್ದು. ದಿನಾಂಕ, ಸ್ಥಳ, ಹಿಂದೆ ಬಿದ್ದ ಮಳೆ ಇವುಗಳ ನಮೂದು ಇರತಕ್ಕದ್ದು. ಸಂಶಯವಿರುವಲ್ಲಿ ಚಿತ್ರವು ಒಣಮಾದರಿಗೆ ತಲೆಬಾಗತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಜಾಗಕ್ಕೆ ಬೇರೆ ಋತುವಿನಲ್ಲಿ, ಬೇರೆ ವರ್ಷದಲ್ಲಿ ಮತ್ತೆ ಹೋಗತಕ್ಕದ್ದು. ಗಿಲ್ಮಾನಿಯವು ಬೆಳೆಯುವ ಬೋಳು ಇಳಿಜಾರಿನಲ್ಲಿ ಮಳೆಯಿಲ್ಲದ ವರ್ಷ ತೆಗೆದ ಚಿತ್ರದಲ್ಲಿ ಮಣ್ಣಲ್ಲದೆ ಬೇರೇನೂ ಕಾಣದು. ದಿನಾಂಕವನ್ನು ಬರೆದಿಟ್ಟ ಪಕ್ಷದಲ್ಲಿ ಆ ಚಿತ್ರವೂ ಆ ಹೂವಿನ ಚರಿತ್ರೆಗೆ ಸೇರಿದ ಆಧಾರವೇ ಆಗಿರುತ್ತದೆ.